ಕರೆಂಟು ಚೂರಿಯಾದ ಕಥೆ

ಕೋಲಾರ, ಹೊಸಕೋಟೆ ಕಡೆಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವ ಎಷ್ಟೋ ಮಂದಿ ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಬಸ್ಸು ಬದಲಿಸುತ್ತಾರೆ. ಅವರಲ್ಲಿ ಆಪರೇಷನ್‌ಗೆಂದು ಬಂದವರಿಗೆ ‘ಕರೆಂಟಿನಿಂದ ಕೊಯ್ಯುತ್ತಾರೆ’ ಎಂದರೆ ಎದೆ ಝಲ್ಲೆನ್ನುತ್ತದೆ. ಮುಟ್ಟಿದರೆ ಕೊಲ್ಲುವ ಕರೆಂಟು ಮೈಯೊಳಗೆ ಹರಿದರೂ ರೋಗಿ ಬದುಕುವುದು ಹೇಗೆ?

ಸುಟ್ಟು ರಕ್ತ ನಿಲ್ಲಿಸುವ ವಿದ್ಯೆ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮದ ವಿವರಗಳಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ವೈದ್ಯ ಅಲ್-ಝಹ್ರಾವಿ ‘ಅತ್ತಸ್ರೀಫ್’ ಗ್ರಂಥದಲ್ಲಿ ಇಂಥ ಸಲಕರಣೆಗಳ ಚಿತ್ರಗಳನ್ನೇ ಬರೆದಿಟ್ಟರು. ಆದರೆ ಅಲ್ಲಿ ಸುಡುತ್ತಿದ್ದುದು ಕಾದ ಕಬ್ಬಿಣ. ಕರೆಂಟಿನ ಚೂರಿಯಲ್ಲಿ ಬಿಸಿ ಹುಟ್ಟುವುದು ರೋಗಿಯ ಮಾಂಸದಲ್ಲಿಯೇ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪ ಹೊತ್ತಿತು. ಅದಕ್ಕೂ ಮೊದಲೇ, 1891ರಲ್ಲಿ, ಫ್ರಾನ್ಸಿನ ದಾರ್ಸೊನ್ವಾಲ್ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟಿದ್ದರು. ಕರೆಂಟು ಸೆಕೆಂಡಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಬಾರಿ ದಿಕ್ಕು ಬದಲಿಸಿ ಹರಿದರೆ ಸ್ನಾಯು ಸೆಟೆಯುವುದಿಲ್ಲ, ಬಿಸಿ ಮಾತ್ರ ಹುಟ್ಟುತ್ತದೆ. ನಮ್ಮ ಮನೆಯ ಕರೆಂಟಿನ ಆವರ್ತನ ಕೇವಲ 50. ಅದಕ್ಕೇ ಅದು ಹೃದಯವನ್ನು ತಡೆಯಬಲ್ಲದು. ಆಪರೇಷನ್ ಯಂತ್ರದ ಆವರ್ತನ ಸಾಮಾನ್ಯವಾಗಿ ಮೂರರಿಂದ ಐದು ಲಕ್ಷ.

ವಿಲಿಯಂ ಬೋವಿ ಎಂಬವರು ನಿರ್ಮಿಸಿದ ಇಂಥ ಯಂತ್ರವನ್ನು ಬೋಸ್ಟನ್ನಿನಲ್ಲಿ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1926ರ ಅಕ್ಟೋಬರ್ 1ರಂದು ಬಳಸಿದರು. ಕೆಲವೇ ದಿನಗಳ ಹಿಂದೆ ರಕ್ತಸ್ರಾವದಿಂದಾಗಿ ಅರ್ಧಕ್ಕೆ ಬಿಟ್ಟಿದ್ದ ತಲೆಯ ಗಡ್ಡೆಯನ್ನು ಅಂದು ತೆಗೆಯಲು ಸಾಧ್ಯವಾಯಿತು. ಕರೆಂಟು ಎಡೆಬಿಡದೆ ಹರಿದರೆ ಜೀವಕೋಶದ ನೀರು ಕುದಿದು ಕೋಶ ಒಡೆಯುತ್ತದೆ, ಮಾಂಸ ಕೊಯ್ಯುತ್ತದೆ. ತಡೆತಡೆದು ಹರಿದರೆ ಮಾಂಸ ಒಣಗಿ ರಕ್ತ ಹೆಪ್ಪುಗಟ್ಟುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ಎರಡು ವೈರುಗಳನ್ನು ನೋಡಿರುತ್ತೀರಿ. ಒಂದು ಕಡ್ಡಿಗೆ, ಇನ್ನೊಂದು ಬೆಸೆಯುವ ಕಬ್ಬಿಣಕ್ಕೆ. ಇಲ್ಲಿಯೂ ಹಾಗೆಯೇ. ಚೂರಿಯ ತುದಿ ಸಣ್ಣದು, ಅಲ್ಲಿ ಕರೆಂಟು ದಟ್ಟವಾಗಿ ಸುಡುತ್ತದೆ. ಅದು ಮರಳಿ ಹೋಗುವುದು ತೊಡೆಗೆ ಅಂಟಿಸಿದ ಅಗಲವಾದ ಪಟ್ಟಿಯಿಂದ. ಅಲ್ಲಿ ಹರಡಿಕೊಳ್ಳುವುದರಿಂದ ಚರ್ಮ ಸುಡುವುದಿಲ್ಲ. ಪಟ್ಟಿ ಅರ್ಧ ಕಿತ್ತು ಬಂದರೆ ಅಲ್ಲಿಯೂ ಸುಡುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಕೂಗಲಾರ. ಆದ್ದರಿಂದ ಹೊಸ ಯಂತ್ರಗಳು ಪಟ್ಟಿಯ ಮೇಲೆ ಕಣ್ಣಿಟ್ಟು, ಸಡಿಲವಾದರೆ ತಾವೇ ನಿಲ್ಲುತ್ತವೆ.

ರೋಗಿಯದೂ ಒಂದು ಹೊಣೆಯಿದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕರೆಂಟು ಅದನ್ನು ತಪ್ಪುದಾರಿಗೆ ಎಳೆಯಬಹುದು. ಅದನ್ನು ಆಪರೇಷನ್‌ಗೆ ಮೊದಲೇ ವೈದ್ಯರಿಗೆ ಹೇಳಿಬಿಡಬೇಕು.