ಹಳೆಯ ಕಾರು ಮತ್ತು ಹತ್ತು ವರ್ಷದ ಪರೀಕ್ಷೆ

ವಾಹನದ ವಯಸ್ಸಿಗೂ ರಸ್ತೆ ಅಪಘಾತಕ್ಕೂ ಇರುವ ನಂಟನ್ನು ಕಾನೂನಿನ ಚೌಕಟ್ಟಿಗೆ ತಂದ ಪ್ರಯತ್ನಗಳಲ್ಲಿ ಬ್ರಿಟನ್ನಿನ ‘ಹತ್ತು ವರ್ಷದ ಪರೀಕ್ಷೆ’ ಹೆಸರಾದುದು. ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಸಚಿವರಾಗಿದ್ದಾಗ, 1960ರಲ್ಲಿ ಅದು ಆರಂಭವಾಯಿತು. ಹತ್ತು ವರ್ಷ ದಾಟಿದ ಕಾರಿನ ಬ್ರೇಕು, ದೀಪ, ಸ್ಟಿಯರಿಂಗುಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕಿತ್ತು. ನಪಾಸಾದ ಗಾಡಿಗಳು ಎಷ್ಟಿದ್ದವೆಂದರೆ, 1961 ಮುಗಿಯುವುದರೊಳಗೆ ವಯಸ್ಸಿನ ಮಿತಿಯನ್ನು ಏಳು ವರ್ಷಕ್ಕೆ ಇಳಿಸಬೇಕಾಯಿತು; 1967ರಲ್ಲಿ ಅದು ಮೂರಕ್ಕೆ ಬಂತು. ಮರುವರ್ಷ ಟಯರಿನ ಸವೆತವೂ ತಪಾಸಣೆಗೆ ಸೇರಿತು.

ಈ ಪರೀಕ್ಷೆ ಹಿಡಿಯುವುದು ಸವೆತವನ್ನು. ವಿನ್ಯಾಸವೇ ಹಳೆಯದಾಗಿದ್ದರೆ ಅದರ ಕೊರತೆಯನ್ನು ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡಲಾರ, ಮತ್ತು ಜೀವಕ್ಕೆ ಎರವಾಗುವುದು ಹೆಚ್ಚಾಗಿ ಈ ಎರಡನೆಯ ಮುಪ್ಪೇ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 1959ರ ಷೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ದಪ್ಪ ಉಕ್ಕಿನ ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ನಜ್ಜುಗುಜ್ಜಾಯಿತು. ಮಾಲಿಬುವಿನಲ್ಲಿ ಅದು ಹಾಗೇ ಉಳಿಯಿತು. ಹಿಂದಿನ ಕಾರುಗಳೇ ಗಟ್ಟಿ ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನದು: 1984ಕ್ಕೆ ಮುಂಚಿನ ಕಾರುಗಳು ಗಾಯವಾಗುವಂಥ ಅಪಘಾತಕ್ಕೆ ಸಿಲುಕುವ ಸಂಭವ 1994ರ ನಂತರದವುಗಳಿಗಿಂತ ಸುಮಾರು ಮೂರು ಪಟ್ಟು. ಹಳೆಯ ಕಾರುಗಳನ್ನು ಹೆಚ್ಚಾಗಿ ಎಳೆಯರೇ ಓಡಿಸುತ್ತಾರೆ ಎಂಬಂಥ ಕಾರಣಗಳನ್ನು ಲೆಕ್ಕದಲ್ಲಿ ಹೊಂದಿಸಿದ ಮೇಲೂ ಈ ಅಂತರ ಉಳಿದಿತ್ತು.

ಭಾರತದಲ್ಲಿ ಈ ಎರಡು ಬಗೆಯ ಮುಪ್ಪು ವಿಚಿತ್ರವಾಗಿ ಬೆರೆತವು. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸದ ಅಂಬಾಸಡರ್ 2014ರವರೆಗೂ ಉತ್ತರಪಾರಾದ ಕಾರ್ಖಾನೆಯಿಂದ ಹೊಚ್ಚ ಹೊಸದಾಗಿ ಹೊರಬರುತ್ತಿತ್ತು. ಆರ್‌ಟಿಒ ಕಡತ ಎಣಿಸುವುದು ನೋಂದಣಿಯಿಂದ ಕಳೆದ ವರ್ಷಗಳನ್ನು ಮಾತ್ರ. ಖಾಸಗಿ ಕಾರಿಗೆ ಹದಿನೈದು ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ ತಡೆ ಹಾಕಿದಾಗಲೂ ಕಾರಣ ಹೊಗೆಯೇ ಹೊರತು ಅಪಘಾತವಲ್ಲ.

ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕೆ ಕೆಲವೇ ತಿಂಗಳ ಮುಂಚೆ ಏರ್‌ಬ್ಯಾಗ್ ಇಲ್ಲದೆ ಮಾರಾಟವಾದ ಕಾರುಗಳ ನೋಂದಣಿ 2034ರವರೆಗೂ ಊರ್ಜಿತ.