ಡಬ್ಲಿನ್ ಪಲ್ಟನ್ನಿನ ಬಾವುಟದಲ್ಲಿ ನಂದಿದುರ್ಗ

ನಂದಿಬೆಟ್ಟಕ್ಕೆ ಹೋಗಿ ಬಂದವರನ್ನು ಅಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡು: ಮುಂಜಾನೆಯ ಮಂಜು ಮತ್ತು ಟಿಪ್ಪು ಡ್ರಾಪ್. ಕೋಟೆಯ ಗೋಡೆಯ ಮುಂದೆ ನಿಂತು ನೋಡುವವರು ಕಡಿಮೆ. ಆದರೆ 1791ರ ಅಕ್ಟೋಬರ್‌ನಲ್ಲಿ ಆ ಗೋಡೆ ಒಡೆದ ಸುದ್ದಿ ಬಹಳ ದೂರ ಹೋಯಿತು. ಎಷ್ಟು ದೂರವೆಂದರೆ, ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಹೆಸರು ಹೊತ್ತ ಪಲ್ಟನ್ನೊಂದು ತಾನು ಗೆದ್ದ ಯುದ್ಧಗಳ ಪಟ್ಟಿಯಲ್ಲಿ ‘ನಂಡಿ ಡ್ರೂಗ್’ ಎಂಬ ಹೆಸರನ್ನು 1922ರವರೆಗೂ ಹೊತ್ತು ತಿರುಗಿತು. ಚಿಕ್ಕಬಳ್ಳಾಪುರದ ಬೆಟ್ಟವೇ ಅದು. ಇಂಗ್ಲಿಷರ ನಾಲಗೆಯಲ್ಲಿ ಹಾಗಾಯಿತು, ಅಷ್ಟೆ.

ಡಬ್ಲಿನ್ ಇಂದು ಕನ್ನಡಿಗರಿಗೆ ತೀರಾ ಅಪರಿಚಿತ ಊರಲ್ಲ. ಸಾಫ್ಟ್‌ವೇರ್ ಕಂಪೆನಿಗಳ, ಆಸ್ಪತ್ರೆಗಳ ಕೆಲಸಕ್ಕೆ ಹೋಗಿ ನೆಲೆಸಿದ ಸಂಸಾರಗಳು ಅಲ್ಲಿವೆ. ಮಗ ಸೊಸೆಯನ್ನು ನೋಡಲು ಹೋದ ಹಿರಿಯರು ನಾಲ್ಕು ದಿನ ಊರು ಸುತ್ತಿ ಬರುವುದೂ ಉಂಟು. ಲಿಫಿ ನದಿಯ ಎರಡೂ ದಡದಲ್ಲಿ ಹರಡಿದ ಈ ಊರಿನಲ್ಲಿ ಹೆಚ್ಚಿನದನ್ನು ನಡೆದೇ ನೋಡಬಹುದು. ಆದರೆ ಪ್ರವಾಸಿಗಳ ಕೈಪಿಡಿಯಲ್ಲಿ ನಂದಿದುರ್ಗದ ಮಾತು ಬರುವುದಿಲ್ಲ. ಅದನ್ನು ತಿಳಿದು ಹೋದವರಿಗೆ ಅದೇ ಬೀದಿಗಳು ಬೇರೆಯಾಗಿ ಕಾಣುತ್ತವೆ.

ಸುತ್ತಾಟ ಸಾಮಾನ್ಯವಾಗಿ ಶುರುವಾಗುವುದು ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ಉದ್ಯಾನದಿಂದ. ಅಂಗಡಿಗಳ ಸಾಲಾದ ಗ್ರಾಫ್ಟನ್ ಬೀದಿ ಮುಗಿಯುವಲ್ಲಿ ಉದ್ಯಾನದ ಹೆಬ್ಬಾಗಿಲಿದೆ. ರೋಮಿನ ಟೈಟಸ್ ಕಮಾನಿನ ಮಾದರಿಯಲ್ಲಿ ಕಟ್ಟಿದ ಈ ಕಲ್ಲಿನ ಕಮಾನಿನ ಹೆಸರು ಫ್ಯುಸಿಲಿಯರ್ಸ್ ಆರ್ಚ್. 1907ರಲ್ಲಿ ಕನ್ನಾಟ್ ಡ್ಯೂಕ್ ಇದನ್ನು ಉದ್ಘಾಟಿಸಿದ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸತ್ತ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಪಲ್ಟನ್ನಿನ ಇನ್ನೂರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕಮಾನಿನ ಒಳಮೈಯಲ್ಲಿ ಕೆತ್ತಲಾಗಿದೆ. ಆ ಯುದ್ಧದ ಕದನಗಳ ಹೆಸರೂ ಇವೆ. ನಂದಿಯ ಹೆಸರು ಇಲ್ಲಿಲ್ಲ. ಅದು ಇದ್ದದ್ದು ಇದೇ ಪಲ್ಟನ್ನಿನ ಬಾವುಟದಲ್ಲಿ, ಪ್ಲಾಸಿ, ಆರ್ಕಾಟ್, ವಾಂಡಿವಾಷ್‌ಗಳ ಜೊತೆಯಲ್ಲಿ.

ಡಬ್ಲಿನ್ನಿನ ಪಲ್ಟನ್ನಿಗೂ ಪ್ಲಾಸಿಗೂ ಏನು ಸಂಬಂಧ? ಇದು ಹುಟ್ಟಿನಿಂದ ಡಬ್ಲಿನ್ನಿನದಲ್ಲ. ಈಸ್ಟ್ ಇಂಡಿಯಾ ಕಂಪೆನಿ ಮದರಾಸಿನಲ್ಲಿ ಇಟ್ಟುಕೊಂಡಿದ್ದ ಬಿಳಿ ಸಿಪಾಯಿಗಳ ಪಡೆ ಮದ್ರಾಸ್ ಯುರೋಪಿಯನ್ ರೆಜಿಮೆಂಟ್ ಎನಿಸಿಕೊಂಡಿತ್ತು. 1857ರ ದಂಗೆಯ ನಂತರ ಕಂಪೆನಿಯ ಆಡಳಿತ ಮುಗಿದಾಗ ಅದು ರಾಣಿಯ ಸೈನ್ಯಕ್ಕೆ ಸೇರಿತು. 1881ರಲ್ಲಿ ಅದನ್ನು ಬೊಂಬಾಯಿಯ ಇನ್ನೊಂದು ಪಲ್ಟನ್ನಿನೊಡನೆ ಕೂಡಿಸಿ, ಡಬ್ಲಿನ್ನಿನ ಹೆಸರಿಟ್ಟು, ಆ ಸೀಮೆಯ ಯುವಕರನ್ನು ಭರ್ತಿ ಮಾಡಿಕೊಳ್ಳತೊಡಗಿದರು. ಹಳೆಯ ಗೆಲುವುಗಳೆಲ್ಲ ಹೊಸ ಹೆಸರಿಗೆ ಖಾತೆ ಬದಲಾದವು. ನಂದಿ ಎಲ್ಲಿದೆ ಎಂದು ತಿಳಿಯದ ಡಬ್ಲಿನ್ ಹುಡುಗರೂ ಅದರ ಹೆಸರಿನಡಿ ಕವಾಯತು ಮಾಡಿದರು.

ನಂದಿಯಲ್ಲಿ ನಡೆದದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿದ್ದ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್, ಮಳೆ ಮತ್ತು ದವಸದ ಅಭಾವದಿಂದ ಬರಿಗೈಲಿ ಬೆಂಗಳೂರಿಗೆ ಮರಳಬೇಕಾಯಿತು. ಮತ್ತೆ ಹೊರಡುವ ಮುನ್ನ ಬೆನ್ನ ಹಿಂದಿನ ಟಿಪ್ಪುವಿನ ಕೋಟೆಗಳನ್ನು ಹಿಡಿಯುವುದು ಅವನಿಗೆ ಅನಿವಾರ್ಯವಾಗಿತ್ತು. ಮದರಾಸಿನಿಂದ ದವಸ ಮದ್ದುಗುಂಡು ಬರುವ ದಾರಿಯೂ, ಉತ್ತರದಲ್ಲಿ ನಿಜಾಮನ ಸೈನ್ಯದ ಸಂಪರ್ಕವೂ ಈ ಕೋಟೆಗಳ ಕಣ್ಣಳತೆಯಲ್ಲಿದ್ದವು. ಮೇಜರ್ ಗೌಡಿ ಎಂಬವನ ಪಡೆ ಮೊದಲು ಶಿಡ್ಲಘಟ್ಟ–ಚಿಂತಾಮಣಿ ಸೀಮೆಯ ರಹಮಾನ್‌ಗಢವನ್ನು ಹಿಡಿದು, ಸೆಪ್ಟೆಂಬರ್ 22ಕ್ಕೆ ನಂದಿಯ ಬುಡಕ್ಕೆ ಬಂದಿತು.

ಬೆಟ್ಟದ ಮೂರು ಪಾಲು ಸುತ್ತ ಕಡಿದಾದ ಬಂಡೆ. ಹತ್ತಬಹುದಾದ ಒಂದೇ ಮೈಯಲ್ಲಿ ಟಿಪ್ಪು ಎರಡು ಸುತ್ತು ಗೋಡೆ ಕಟ್ಟಿಸಿದ್ದ. ಕೆಳಗಿನಿಂದ ಹಾರಿಸಿದ ಗುಂಡು ಅಲ್ಲಿಗೆ ಮುಟ್ಟುವಂತಿರಲಿಲ್ಲ. ಆದ್ದರಿಂದ ಇಳಿಜಾರಿನಲ್ಲೇ ದಾರಿ ಕಡಿದು, ಭಾರಿ ತೋಪುಗಳನ್ನು ಆನೆಗಳ ಸಹಾಯದಿಂದ ಮೇಲಕ್ಕೆಳೆದರು. ಈ ಕೆಲಸಕ್ಕೇ ವಾರಗಳು ಹಿಡಿದವು. ಗೋಡೆಯಲ್ಲಿ ಎರಡು ಕಡೆ ಕಂಡಿ ಬಿದ್ದ ಮೇಲೆ ಕಾರ್ನ್‌ವಾಲಿಸ್ ಸ್ವತಃ ಸೈನ್ಯದೊಡನೆ ಹತ್ತಿರ ಬಂದು ಬೀಡುಬಿಟ್ಟ. ಅಕ್ಟೋಬರ್ 18ರ ರಾತ್ರಿ, ಚಂದ್ರ ಮೂಡಿದ ಮೇಲೆ, ಜನರಲ್ ಮೆಡೋಸನ ನಾಯಕತ್ವದಲ್ಲಿ ಲಗ್ಗೆ ನಡೆಯಿತು. ಮೇಲಿದ್ದವರು ತುಪಾಕಿ, ತೋಪುಗಳ ಜೊತೆಗೆ ದೊಡ್ಡ ದೊಡ್ಡ ಬಂಡೆಗಳನ್ನು ಉರುಳಿಬಿಟ್ಟರು. ದಾಳಿಕಾರರಿಗೆ ಗುಂಡಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಕಲ್ಲಿನಿಂದಲೇ. ಬೆಳಗಾಗುವಷ್ಟರಲ್ಲಿ ಕೋಟೆ ಬಿದ್ದಿತ್ತು.

ಮೆಡೋಸನ ಬಗ್ಗೆ ಒಂದು ಕಥೆಯಿದೆ. ಹೊರಡುವ ಮುನ್ನ ಸಿಪಾಯಿಯೊಬ್ಬ, ಮೇಲೆ ಮದ್ದಿನ ಸುರಂಗ ತೋಡಿಟ್ಟಿದ್ದಾರಂತೆ ಎಂದು ಗುಸುಗುಟ್ಟಿದನಂತೆ. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ ಒಂದೇ ಮಾತು. ಇದ್ದರೆ ಅದು ಚಿನ್ನದ ಗಣಿಯೇ ಸರಿ ಎಂದು ಮೆಡೋಸ್ ನಗಿಸಿದನಂತೆ. ತಮಾಷೆಯೆಂದರೆ, ಮುಂದಿನ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲೊಂದಕ್ಕೆ ಲಂಡನ್ನಿನ ಬಂಡವಾಳಗಾರರು ಇಟ್ಟ ಹೆಸರೂ ‘ನಂಡಿಡ್ರೂಗ್’! ಅದು 2001ರಲ್ಲಿ ಮುಚ್ಚಿತು.

ಹಾಗೆಂದು ಈ ಗೆಲುವು ಬಿಳಿಯರೊಬ್ಬರದೇ ಅಲ್ಲ. ಮುತ್ತಿಗೆಯ ಪಡೆಯಲ್ಲಿ ಹೆಚ್ಚಿನವರು ಮದರಾಸಿನ ಕಡೆಯ ದೇಶೀ ಸಿಪಾಯಿಗಳು. ಬಂಡೆ ಉರುಳಿಸಿದವರ ಹೆಸರಂತೂ ಯಾವ ಬಾವುಟಕ್ಕೂ ಏರಲಿಲ್ಲ.

ಎರಡನೆಯ ದಿನಕ್ಕೆ ಟ್ರಿನಿಟಿ ಕಾಲೇಜು. ಕ್ರಿ.ಶ. 800ರ ಸುಮಾರಿನಲ್ಲಿ ಕ್ರೈಸ್ತ ಸನ್ಯಾಸಿಗಳು ಕರುವಿನ ಚರ್ಮದ ಹಾಳೆಗಳ ಮೇಲೆ ಬಣ್ಣಬಣ್ಣದ ಚಿತ್ರಗಳೊಡನೆ ಬರೆದ ಸುವಾರ್ತೆಗಳ ಗ್ರಂಥ, ಬುಕ್ ಆಫ್ ಕೆಲ್ಸ್, ಇಲ್ಲಿದೆ. ಲೋಕದ ಮೂಲೆಮೂಲೆಯ ಜನ ಟಿಕೆಟ್ ಕೊಂಡು ನೋಡುತ್ತಾರೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಪ್ರಸ್ತಾಪ ಬರುವ ಮೊದಲ ಶಾಸನಗಳು ಸುಮಾರು 806ರವು. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ವಾರಿಗೆಯವು. ಭಾನುವಾರ ಬೆಟ್ಟಕ್ಕೆ ಸಾಲುಗಟ್ಟುವ ವಾಹನಗಳಲ್ಲಿ ಎಷ್ಟು ಈ ದೇವಾಲಯದ ಮುಂದೆ ನಿಲ್ಲುತ್ತವೆ ಎಂಬುದು ಬೇರೆ ಮಾತು.

ಟ್ರಿನಿಟಿಯ ಎದುರಿಗೇ ಕಂಬಸಾಲಿನ ದೊಡ್ಡ ಕಟ್ಟಡವೊಂದಿದೆ. ಈಗ ಬ್ಯಾಂಕ್ ಆಫ್ ಐರ್ಲೆಂಡ್. 1800ರವರೆಗೆ ಐರ್ಲೆಂಡಿನ ಪಾರ್ಲಿಮೆಂಟು. ಅದನ್ನು ಮುಚ್ಚಿಸಿದ ಆಡಳಿತಗಾರ ಯಾರೆಂದರೆ ನಂದಿಯ ಬುಡದಲ್ಲಿ ಬೀಡುಬಿಟ್ಟಿದ್ದ ಅದೇ ಕಾರ್ನ್‌ವಾಲಿಸ್! ಅಮೆರಿಕದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ, ಶ್ರೀರಂಗಪಟ್ಟಣದಲ್ಲಿ 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಈತನನ್ನು, 1798ರಲ್ಲಿ ಐರಿಷರು ದಂಗೆಯೆದ್ದಾಗ ಲಾರ್ಡ್ ಲೆಫ್ಟಿನೆಂಟ್ ಮಾಡಿ ಡಬ್ಲಿನ್ನಿಗೆ ಕಳಿಸಿದರು. ದಂಗೆ ಅಡಗಿತು. ನಂತರ ಪದವಿ, ಪಿಂಚಣಿಗಳ ಆಸೆ ತೋರಿಸಿ ಸದಸ್ಯರ ಮತ ಗಿಟ್ಟಿಸಿ, ಐರ್ಲೆಂಡನ್ನು ಬ್ರಿಟನ್ನಿನೊಡನೆ ಕೂಡಿಸುವ ಕಾಯಿದೆ ಮಾಡಿಸಲಾಯಿತು. ಈ ವ್ಯಾಪಾರದ ಬಗ್ಗೆ ತನಗೇ ಹೇಸಿಗೆಯೆಂದು ಕಾರ್ನ್‌ವಾಲಿಸ್ ಪತ್ರಗಳಲ್ಲಿ ಬರೆದುಕೊಂಡಿದ್ದಾನೆ. ಬರೆದುಕೊಂಡ, ಕೆಲಸವನ್ನೂ ಮುಗಿಸಿದ. 1801ರ ಜನವರಿ 1ರಿಂದ ಕಾಯಿದೆ ಜಾರಿಗೆ ಬಂತು.

ಅಲ್ಲಿಂದ ನಡೆದೇ ಹೋಗಬಹುದಾದ ಡಬ್ಲಿನ್ ಕ್ಯಾಸಲ್ ಬ್ರಿಟಿಷ್ ಆಡಳಿತದ ಕೇಂದ್ರವಾಗಿತ್ತು. ಇದರ ಕಿಟಕಿ ಗಾಜುಗಳನ್ನು 1913ರ ಜನವರಿಯಲ್ಲಿ ಒಡೆದ ತಪ್ಪಿಗೆ ಮಾರ್ಗರೆಟ್ ಕಸಿನ್ಸ್ ಎಂಬ ಮಹಿಳೆ ಒಂದು ತಿಂಗಳು ಜೈಲು ಕಂಡಳು. ಹೆಂಗಸರಿಗೆ ಮತದ ಹಕ್ಕು ಬೇಕು ಎಂಬುದು ಅವಳ ಹೋರಾಟ. ಎರಡು ವರ್ಷದ ನಂತರ ಗಂಡ ಜೇಮ್ಸ್ ಕಸಿನ್ಸ್ ಜೊತೆ ಭಾರತಕ್ಕೆ ಬಂದು, ಚಿಂತಾಮಣಿಯಿಂದ ಪೂರ್ವಕ್ಕೆ ಗಡಿ ದಾಟಿದರೆ ಸಿಗುವ ಮದನಪಲ್ಲಿಯಲ್ಲಿ ನೆಲೆಸಿದಳು. 1919ರ ಫೆಬ್ರವರಿಯಲ್ಲಿ ಅಲ್ಲಿನ ಥಿಯಸಾಫಿಕಲ್ ಕಾಲೇಜಿಗೆ ಅತಿಥಿಯಾಗಿ ಬಂದ ರವೀಂದ್ರನಾಥ ಟಾಗೂರರು ‘ಜನಗಣಮನ’ ಹಾಡಿದಾಗ ಅದರ ಮಟ್ಟನ್ನು ಸ್ವರಲಿಪಿಗೆ ಇಳಿಸಿದವಳು ಇವಳೇ. ಟಾಗೂರರು ಅದನ್ನು ಇಂಗ್ಲಿಷಿಗೆ ತಂದದ್ದೂ ಅಲ್ಲೇ. ಜೇಮ್ಸ್ ಕಸಿನ್ಸ್ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೆ ಗೊತ್ತು. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಬಂದ ತರುಣನಿಗೆ ಮಾತೃಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ ಐರಿಷ್ ಕವಿ ಇವರೇ. ಆ ತರುಣ ಕುವೆಂಪು. ಡಬ್ಲಿನ್ನಿನ ಸಾಹಿತ್ಯ ವಲಯದಲ್ಲಿ, ಪರಭಾಷೆಯ ದೊರೆತನದ ಅಡಿಯಲ್ಲಿ ನಾಡಿನ ನುಡಿ ಏನಾಗುತ್ತದೆ ಎಂಬ ಚರ್ಚೆಯ ನಡುವೆ ಬೆಳೆದವರ ಬಾಯಲ್ಲಿ ಆ ಮಾತು ಬಂದದ್ದು ಆಕಸ್ಮಿಕವಿರಲಾರದು.

ಮೂರನೆಯ ದಿನವನ್ನು ಪೂರ್ತಿಯಾಗಿ ಫೀನಿಕ್ಸ್ ಪಾರ್ಕಿಗೆ ಇಡಬೇಕು. ನಮ್ಮ ಲಾಲ್‌ಬಾಗಿನ ಏಳು ಪಟ್ಟು ದೊಡ್ಡದು. ಜಿಂಕೆಗಳು ಹಿಂಡುಹಿಂಡಾಗಿ ಮೇಯುತ್ತವೆ. ಕಾರ್ನ್‌ವಾಲಿಸ್ ವಾಸವಿದ್ದ ವೈಸ್‌ರಾಯ್ ನಿವಾಸ ಇಂದು ಐರ್ಲೆಂಡಿನ ಅಧ್ಯಕ್ಷರ ಮನೆ. ಪಾರ್ಕಿನ ಇನ್ನೊಂದು ಬದಿಗೆ 62 ಮೀಟರ್ ಎತ್ತರದ ಕಲ್ಲಿನ ಸ್ತಂಭವಿದೆ. ಡಬ್ಲಿನ್ನಿನಲ್ಲಿ ಹುಟ್ಟಿದ ವೆಲ್ಲಿಂಗ್ಟನ್ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯ ಸ್ಮಾರಕವಿದು. 1817ರಲ್ಲಿ ಶುರುವಾಗಿ, ಹಣ ಸಾಲದೆ ನಿಂತು, 1861ರಲ್ಲಿ ಮುಗಿಯಿತು. ಬುಡದಲ್ಲಿ ವಾಟರ್‌ಲೂನಲ್ಲಿ ವಶಪಡಿಸಿಕೊಂಡ ತೋಪುಗಳನ್ನು ಕರಗಿಸಿ ಎರಕ ಹೊಯ್ದ ಕಂಚಿನ ಫಲಕಗಳಿವೆ. ಅವುಗಳಲ್ಲಿ ಒಂದು, ಶ್ರೀರಂಗಪಟ್ಟಣದ ಮೇಲಿನ ಲಗ್ಗೆ. ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತ ಸಂಸಾರಗಳ ಬೆನ್ನ ಹಿಂದೆ ಮೈಸೂರಿನ ಸೋಲು ಕಂಚಿನಲ್ಲಿ ನಿಂತಿದೆ.

ಕೊನೆಯ ದಿನ ಬೆಳಿಗ್ಗೆ ಲಿಬರ್ಟೀಸ್ ಎಂಬ ಹಳೆಯ ನೇಕಾರರ ಕೇರಿಗೆ ಹೋಗಬಹುದು. ಶಿಡ್ಲಘಟ್ಟದ ರೇಷ್ಮೆಯವರಿಗೆ ಇಷ್ಟವಾಗುವ ಜಾಗ. ನಮ್ಮಲ್ಲಿ ಪಾಪ್ಲಿನ್ ಎಂದರೆ ಅಂಗಿ, ಲಂಗದ ಹತ್ತಿಬಟ್ಟೆ. ಇಲ್ಲಿ ನೇಯುತ್ತಿದ್ದ ಪಾಪ್ಲಿನ್ನಿಗೆ ಹಾಸು ರೇಷ್ಮೆಯದು, ಹೊಕ್ಕು ಉಣ್ಣೆಯದು. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗನಾಟ್ ನೇಕಾರರು ಇದಕ್ಕೆ ಹೆಸರು ತಂದರು. ಮಗ್ಗದ ಸದ್ದು ಅಡಗಿ ಬಹಳ ಕಾಲವಾಯಿತು.

ಮಧ್ಯಾಹ್ನ ನದಿ ದಾಟಿದರೆ ಓಕಾನೆಲ್ ಬೀದಿಯ ಅಂಚೆ ಕಚೇರಿ. 1916ರ ಏಪ್ರಿಲ್ 24ರಂದು ಬಂಡಾಯಗಾರರು ಇದನ್ನು ಹಿಡಿದು, ಮಾಳಿಗೆಯ ಮೇಲೆ ತಮ್ಮ ಬಾವುಟ ಏರಿಸಿ, ಸ್ವತಂತ್ರ ಗಣರಾಜ್ಯ ಸಾರಿದರು. ಅವರನ್ನು ಹತ್ತಿಕ್ಕಲು ಮೊದಲು ಬಂದ ಪಡೆಗಳಲ್ಲಿ ಡಬ್ಲಿನ್ ಫ್ಯುಸಿಲಿಯರ್ಸ್ ಕೂಡ ಇದ್ದರು. ಅದೇ ಊರಿನ ಹುಡುಗರು, ಅದೇ ಊರಿನ ಬಂಡಾಯಗಾರರ ಮೇಲೆ. ಹಿಂದಿನ ವರ್ಷ ಏಪ್ರಿಲ್ 25ರಂದು ಇದೇ ಪಲ್ಟನ್ನಿನ ಇನ್ನೊಂದು ತುಕಡಿ ಗಲಿಪೋಲಿಯ ದಡದಲ್ಲಿ ದೋಣಿಯಿಂದ ಇಳಿಯುವಾಗಲೇ ಗುಂಡಿಗೆ ಸಿಕ್ಕಿ ನುಚ್ಚುನೂರಾಗಿತ್ತು. ಯುದ್ಧ ಶುರುವಾದಾಗ ಆ ತುಕಡಿ ಇದ್ದದ್ದು ಮದರಾಸಿನಲ್ಲಿ. ಬಡತನಕ್ಕೆ, ಸಂಬಳಕ್ಕೆ ಸೈನ್ಯ ಸೇರಿದ ಈ ಹುಡುಗರನ್ನು ಹೇಗೆ ನೆನೆಯಬೇಕು ಎಂಬ ಜಗಳ ಡಬ್ಲಿನ್ನಿನಲ್ಲಿ ಬಹುಕಾಲ ನಡೆಯಿತು. ಸ್ಟೀಫನ್ಸ್ ಗ್ರೀನ್ ಕಮಾನನ್ನು ರಾಷ್ಟ್ರವಾದಿಗಳು ‘ದ್ರೋಹಿಗಳ ಬಾಗಿಲು’ ಎಂದೇ ಕರೆದರು. 1916ರ ಗುಂಡಿನ ಗುರುತು ಅದರ ಕಲ್ಲಿನಲ್ಲಿ ಇನ್ನೂ ಇದೆ. ದೇಶ ಸ್ವತಂತ್ರವಾಗುವ ಹೊತ್ತಿಗೆ ಪಲ್ಟನ್ ವಿಸರ್ಜನೆಯಾಯಿತು. 1922ರ ಜೂನ್ 12ರಂದು ಅದರ ಬಾವುಟಗಳನ್ನು ವಿಂಡ್ಸರ್ ಅರಮನೆಯಲ್ಲಿ ದೊರೆಗೆ ಒಪ್ಪಿಸಲಾಯಿತು.

ನಂದಿಯ ಸೀಮೆಗೂ ಬಾವುಟದ ಕಥೆಯೊಂದಿದೆ. ಅದು ಗೌರಿಬಿದನೂರು ತಾಲ್ಲೂಕಿನದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಗುಂಡು ಹೊಡೆದವರೂ ನೆಲದ ಮಕ್ಕಳೇ, ಬಿದ್ದವರೂ ನೆಲದ ಮಕ್ಕಳೇ. ಡಬ್ಲಿನ್ನಿನ ಕಮಾನಿನಲ್ಲಿ ಹೆಸರುಗಳನ್ನು ಒಂದೂ ಬಿಡದೆ ಎಣಿಸಬಹುದು. ವಿದುರಾಶ್ವತ್ಥದಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲಿ ಹತ್ತರ ಆಸುಪಾಸು, ಜನರ ಲೆಕ್ಕದಲ್ಲಿ ಮೂವತ್ತೆರಡು. ಅಶ್ವತ್ಥಕಟ್ಟೆಗೆ ನಾಗರಕಲ್ಲಿನ ಪ್ರತಿಷ್ಠೆ ಮಾಡಿಸಲು ಬರುವವರು ಅಲ್ಲೇ ಇರುವ ಹುತಾತ್ಮರ ಸ್ಮಾರಕವನ್ನೂ ನೋಡಿ ಹೋಗಬಹುದು.