ಮದರಾಸು ತಾರಸಿ, ಮಂಗಳೂರು ಹೆಂಚು

ಕನ್ನಡ ನಾಡಿನಿಂದ ಈ ಊರಿಗೆ ಬಂದು ನೆಲೆಸಿದವರ ಮನೆಯೊಳಗಿನ ಪಂಚಾಂಗ ಬದಲಾಗುವುದಿಲ್ಲ. ಯುಗಾದಿ, ಗೌರಿ, ಗಣೇಶ ಎಲ್ಲವೂ ಅಲ್ಲಿದ್ದ ಹಾಗೆಯೇ. ಬದಲಾಗುವುದು ಮಾಳಿಗೆಯ ಪಂಚಾಂಗ. ಊರಿನಲ್ಲಾದರೆ ಮೃಗಶಿರ ಮಳೆ ಹುಟ್ಟುವ ಮೊದಲೇ ಸೂರಿನ ಕೆಲಸವೆಲ್ಲ ಮುಗಿದಿರಬೇಕು. ಚೆನ್ನೈಯಲ್ಲಿ ಆ ಹೊತ್ತಿಗೆ ಬಿಸಿಲಿನ ಧಗೆಯೇ ಇನ್ನೂ ಇಳಿದಿರುವುದಿಲ್ಲ. ಇಲ್ಲಿನ ಮಳೆ ಚಿತ್ತೆ, ಸ್ವಾತಿ, ವಿಶಾಖೆಗಳದು. ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ 60ರಷ್ಟು ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಅದೂ ಬಂದರೆ ಒಂದೇ ಸಮನೆ. ಆದ್ದರಿಂದ ಇಲ್ಲಿ ಮಾಳಿಗೆ ಹತ್ತಿ ನೋಡಬೇಕಾದ ಕಾಲವೆಂದರೆ ಗಣೇಶನನ್ನು ನೀರಿಗೆ ಬಿಟ್ಟ ಮೇಲೆ, ನವರಾತ್ರಿಗೆ ಗೊಂಬೆ ಇಳಿಸುವುದರೊಳಗೆ.

ಒಂದು ಕಾಲದಲ್ಲಿ ಈ ಬಗೆಬಗೆಯ ಸೂರುಗಳೆಲ್ಲ ಒಂದೇ ಸರ್ಕಾರದ ಕೆಳಗಿದ್ದವು. ಬಳ್ಳಾರಿ 1953ರ ವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ವರೆಗೆ ಮದರಾಸಿಗೆ ಸೇರಿದ್ದವು. ಬಳ್ಳಾರಿ ಕಡೆ ಮಣ್ಣಿನ ಮಾಳಿಗೆ. ಮಳೆಗೆ ಮೊದಲು ಅದರ ಮೇಲೆ ಚೌಳುಮಣ್ಣು ಹರಡಿದರೆ ನೀರು ಇಳಿಯದು. ದಕ್ಷಿಣ ಕನ್ನಡದಲ್ಲಿ ಮೊದಲು ಮುಳಿಹುಲ್ಲಿನ ಮಾಡು, ಆಮೇಲೆ ಹೆಂಚು. ಬೇಸಗೆ ಬಂತೆಂದರೆ ಹೆಂಚು ಕೈಯಾಡಿಸುವ ಕೆಲಸ. ರಾಜಧಾನಿಯಾದ ಮದರಾಸಿನದು ಮಾತ್ರ ಬೇರೆಯೇ ಜಾತಿ. ಅದಕ್ಕೆ ಮದರಾಸು ತಾರಸಿ ಎಂದೇ ಹೆಸರು. ಊರು 1996ರಲ್ಲಿ ಚೆನ್ನೈ ಆಯಿತು, ತಾರಸಿಯ ಹೆಸರು ಹಾಗೆಯೇ ಉಳಿಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿಯೂ ಅದು ಇದೇ ಹೆಸರಿನಿಂದ ಪರಿಚಿತ.

ಅದನ್ನು ಕಟ್ಟುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಕಟ್ಟಿದ ಬಗೆ ತಿಳಿಯದವನು ರಿಪೇರಿಗೆ ಕೈಹಾಕಿದರೆ ಕೆಡುಕೇ ಹೆಚ್ಚು. ಗೋಡೆಯಿಂದ ಗೋಡೆಗೆ ತೇಗದ ಜಂತಿಗಳನ್ನು ಹಾಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಾ ತೇಗ ಬರತೊಡಗಿದ ಮೇಲೆ ಇದು ಇನ್ನೂ ಸಲೀಸಾಯಿತು. ಜಂತಿಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಸುಣ್ಣದ ಗಚ್ಚಿನಲ್ಲಿ ಕೂರಿಸುತ್ತಿದ್ದರು. ಓರೆಯಾಗಿ ಕೂತ ಇಟ್ಟಿಗೆ ಒಂದಕ್ಕೊಂದು ಬಿಗಿಹಿಡಿದು ಭಾರ ಹೊರುತ್ತದೆ. ಅದರ ಮೇಲೆ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣ. ಮರದ ಕೊಡತಿಗಳನ್ನು ಹಿಡಿದು ಆಳುಗಳು ಸಾಲಾಗಿ ಕೂತು ಇದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು ವಾಡಿಕೆ. ತಮಿಳಿನ ಕಡುಕ್ಕಾಯ್ ಎಂದರೆ ಇದೇ ಅಳಲೆಕಾಯಿ. ಹೊಟ್ಟೆಗೂ ಮದ್ದು, ಮಾಳಿಗೆಗೂ ಮದ್ದು! ಕೊನೆಗೆ ಚಪ್ಪಟೆ ಹೆಂಚನ್ನು ಗಚ್ಚಿನಲ್ಲಿ ಹಾಸಿ, ನೀರು ಹರಿಯಲು ಒಂದು ಕಡೆಗೆ ಇಳಿಜಾರು ಕೊಟ್ಟರೆ ತಾರಸಿ ಸಿದ್ಧ.

ಇದೆಲ್ಲಕ್ಕೂ ಜೀವಾಳವೆಂದರೆ ಸುಣ್ಣ. ಪುಲಿಕಾಟ್ ಮೊದಲಾದ ಕಡೆಯ ಹಿನ್ನೀರಿನ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಈ ಊರು ಹೆಸರಾಗಿತ್ತು. ಅದರಿಂದ ತಿಕ್ಕಿ ಹೊಳಪಿಸಿದ ಗೋಡೆಗಳನ್ನು ಅಂದಿನ ಪ್ರವಾಸಿಗಳು ಅಮೃತಶಿಲೆಗೆ ಹೋಲಿಸುತ್ತಿದ್ದರು. ಸುಣ್ಣದ ಇನ್ನೊಂದು ಗುಣ ತಾಳ್ಮೆ. ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವ ಮಾಳಿಗೆಯೊಡನೆ ಅದೂ ಸ್ವಲ್ಪ ಸ್ವಲ್ಪ ಸರಿದುಕೊಳ್ಳುತ್ತದೆ, ಕೂದಲೆಳೆಯ ಬಿರುಕು ಬಿದ್ದರೆ ಕಾಲಾಂತರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಒಳಗೆ ಸೇರಿದ ತೇವವನ್ನು ಹೊರಕ್ಕೆ ಬಿಡುತ್ತದೆ.

ಸಿಮೆಂಟಿಗೆ ಈ ಗುಣವಿಲ್ಲ. ಮಳೆಗಾಲದಲ್ಲಿ ಒಂದು ಮೂಲೆ ಸೋರಿದೊಡನೆ, ಕಡಮೆ ಖರ್ಚೆಂದು ಹಳೆಯ ತಾರಸಿಗೆ ಸಿಮೆಂಟು ಬಳಿಸುವವರು, ಟಾರು ಹಾಳೆ ಹಾಸಿಸುವವರು ಬಹಳ ಮಂದಿ. ಎರಡು ವರ್ಷ ಸೋರುವುದು ನಿಲ್ಲುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಗಟ್ಟಿ ಸಿಮೆಂಟು ಮತ್ತೆ ಬಿರಿದಾಗ ಒಳಗಿಳಿದ ನೀರಿಗೆ ಹೊರಹೋಗುವ ದಾರಿ ಇಲ್ಲ. ಅದು ಗೋಡೆಯೊಳಗೆ ಹುದುಗಿದ ಜಂತಿಯ ತಲೆಗಳನ್ನು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಜಂತಿ ನೆಟ್ಟಗಿರುತ್ತದೆ, ಒಳಗೆ ಹಿಟ್ಟಾಗಿರುತ್ತದೆ. ತಿರುವಲ್ಲಿಕ್ಕೇಣಿ, ಮೈಲಾಪುರಗಳ ಹಳೆಯ ಮನೆಗಳಿಗೆ ಇದೇ ದೊಡ್ಡ ಅಪಾಯ. ಅಂಥ ಮನೆಯಲ್ಲಿ ಈಗಲೂ ಇರುವವರು ವರ್ಷಕ್ಕೊಮ್ಮೆ ಜಂತಿಯ ತುದಿಯನ್ನು ಗೋಡೆಯ ಹತ್ತಿರ ಮೊಳೆಯಿಂದ ಚುಚ್ಚಿ ನೋಡುವುದು ಒಳ್ಳೆಯದು. ಮೊಳೆ ಸಲೀಸಾಗಿ ಇಳಿದರೆ ಆ ಕೋಣೆಯಲ್ಲಿ ಮಲಗುವುದು ಬೇಡ. ಕಾಗೆಗಳ ಕೃಪೆಯಿಂದ ಕೈಪಿಡಿ ಗೋಡೆಯಲ್ಲಿ ಮೊಳೆಯುವ ಅರಳಿ, ಆಲದ ಸಸಿಗಳನ್ನು ಬೇರು ದಪ್ಪವಾಗುವ ಮುನ್ನ ಕೀಳಬೇಕು. ಬಲಿತ ಮೇಲೆ ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ.

ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ಅಪರೂಪ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಆರ್ಕಾಟಿನ ನವಾಬರಿಗಾಗಿ 1768ರಲ್ಲಿ ಕಟ್ಟಿದ ಚೇಪಾಕ್ ಅರಮನೆಯ ಕಲಸ್ ಮಹಲು 2012ರ ಜನವರಿಯಲ್ಲಿ ಬೆಂಕಿಗೆ ತುತ್ತಾದಾಗ, ಅದನ್ನು ಸರಿಪಡಿಸುವಲ್ಲಿ ಮತ್ತೆ ಸುಣ್ಣ, ಬೆಲ್ಲ, ಕಡುಕ್ಕಾಯಿಗಳನ್ನೇ ಹುಡುಕಬೇಕಾಯಿತು.

ಇನ್ನು ನಮ್ಮ ಕಡೆಯಿಂದ ಇಲ್ಲಿಗೆ ಬಂದ ಸೂರು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣನ್ನು ನಂಬಿ, ಹೆಂಚಿನ ಕಾರ್ಖಾನೆ ತೆರೆದರು. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿಗೆ ಕಚ್ಚಿಕೊಳ್ಳುವ ಉಪಾಯ ಫ್ರಾನ್ಸಿನ ಆಲ್ಸೇಸಿನಲ್ಲಿ ಗಿಲಾರ್ಡೋನಿ ಸಹೋದರರದು. ನೂರು ಚದರಡಿಗೆ ಸುಮಾರು 150 ಹೆಂಚು ಸಾಕು, ಒಡೆದರೆ ಒಂದೊಂದನ್ನೇ ಬದಲಾಯಿಸಬಹುದು. ಮದರಾಸಿನ ಮನೆಗಳ ಜಗಲಿ, ಶಾಲೆ, ಗೋದಾಮು ಎಲ್ಲ ಕಡೆ ಅದು ಏರಿತು. 1907ರಲ್ಲಿ ರೈಲು ಮಂಗಳೂರು ಮುಟ್ಟಿದ ಮೇಲೆ ಹೋಟೆಲು ಕೆಲಸ ಹುಡುಕಿ ಬಂದ ನಮ್ಮವರಿಗೆ ತಲೆಯ ಮೇಲೆ ಊರಿನ ಮಣ್ಣೇ ಕಾಣುತ್ತಿತ್ತು ಅನ್ನಬಹುದು. ಹೆಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದಷ್ಟೆ. ಕೈಯಾಡಿಸಲು ಹತ್ತುವವರು ಹೆಂಚಿನ ನಡುವೆ ಕಾಲಿಡದೆ, ಕೆಳಗೆ ಪಕ್ಕಾಸು ಇರುವ ಕಡೆ ಕಾಲಿಟ್ಟು ನಡೆಯಬೇಕೆಂಬುದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ಕಾಂಕ್ರೀಟು ಬಂದ ಮೇಲೂ ಈ ಊರು ಹಳೆಯ ವಿದ್ಯೆಯನ್ನು ಪೂರ್ತಿ ಬಿಡಲಿಲ್ಲ. ಚಪ್ಪಡಿಯ ಮೇಲೆ ಇಟ್ಟಿಗೆ ಚೂರು ಸುಣ್ಣದ ಪದರ, ಅದರ ಮೇಲೆ ಕೆಂಪು ಚಪ್ಪಟೆ ಹೆಂಚು ಹಾಸುವ ಪದ್ಧತಿ ಮದರಾಸು ತಾರಸಿಯ ಮರಿಮಗನೇ ಸರಿ. ಹೆಂಚುಗಳ ಸಂದಿನ ಗಾರೆ ಉದುರಿದ್ದರೆ ತುಂಬಿಸುವುದು, ಬೇವಿನೆಲೆ ಕಟ್ಟಿಕೊಂಡ ನೀರುಕೊಳವೆಗಳನ್ನು ಬಿಡಿಸುವುದು, ಕೆಲಸ ಇಷ್ಟೇ. ಆದರೆ ಫ್ಲ್ಯಾಟುಗಳಲ್ಲಿ ಎಲ್ಲರ ಮಾಳಿಗೆ ಯಾರ ಮಾಳಿಗೆಯೂ ಅಲ್ಲ! ಮೇಲಿನ ಮಹಡಿಯವರ ಸೂರು ಸೋರುವ ತನಕ ಸಂಘದ ಸಭೆಯಲ್ಲಿ ಮಾತೇ ಬರುವುದಿಲ್ಲ. 2015ರ ಡಿಸೆಂಬರ್ 1ರಂದು ತಾಂಬರದಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಸುರಿದು ಕೆಳಮನೆಗಳು ಮುಳುಗಿದಾಗ, ಜನ ಹತ್ತಿ ಕೂತದ್ದು ಇದೇ ಮಾಳಿಗೆಗಳ ಮೇಲೆ.

2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ ಮೇಲೆ ಮಾಳಿಗೆಗೆ ಇನ್ನೊಂದು ಲೆಕ್ಕವೂ ಸೇರಿತು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 1,40,000 ಲೀಟರ್. 2019ರ ಬೇಸಗೆಯಲ್ಲಿ ನೀರಿನ ಲಾರಿಗೆ ಕಾದು ನಿಂತವರಿಗೆ ಇದರ ಬೆಲೆ ಗೊತ್ತು. ಸೆಪ್ಟೆಂಬರಿನಲ್ಲಿ ಗುಡಿಸದ ಮಾಳಿಗೆಯಿಂದ ಆ ನೀರಿನೊಡನೆ ಕಾಗೆಯ ಹಿಕ್ಕೆ, ಎಲೆ, ದೂಳು ಎಲ್ಲವೂ ಬಾವಿಗೆ ಇಳಿಯುತ್ತವೆ. ಗುಡಿಸಿದ ಮೇಲೂ ಮೊದಲ ಒಂದೆರಡು ಮಳೆಯ ನೀರನ್ನು ಚರಂಡಿಗೆ ಬಿಟ್ಟು, ಆಮೇಲೆ ಕೊಳವೆಯನ್ನು ಬಾವಿಯ ಕಡೆಗೆ ತಿರುಗಿಸಬೇಕು.